ಬ್ರಿಟನ್‌ನಲ್ಲಿ ಗ್ಯಾಸ್, ಕರೆಂಟ್ ಕಂಪನಿ ಬದಲಿಸುವಾಗ ಕ್ಯಾಶ್‌ಬ್ಯಾಕ್ ಕೈತಪ್ಪದಂತೆ ನೋಡಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕಂಪನಿ ಬದಲಾಯಿತು, ಹೊಸ ಬಿಲ್ಲೂ ಬಂತು. ಕಂಪನಿಗಳ ದರ ಪಕ್ಕಪಕ್ಕ ಇಟ್ಟು ತೋರಿಸುವ ಹೋಲಿಕೆ ಸೈಟ್‌ನಲ್ಲಿ ದಪ್ಪ ಅಕ್ಷರದಲ್ಲಿ ತೋರಿಸಿದ್ದ ಕ್ಯಾಶ್‌ಬ್ಯಾಕ್ ಮಾತ್ರ ಬರಲಿಲ್ಲ. ಇಲ್ಲಿನ ಕನ್ನಡ ಗೆಳೆಯರಿಂದ ಈ ಮಾತು ಪ್ರತಿ ಚಳಿಗಾಲ ಕೇಳುತ್ತೇನೆ. ಫೋನ್ ಮಾಡಿದವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಆ ದುಡ್ಡು ಕೊಡಬೇಕಾದವರು ಯಾರು?" ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಹೋಲಿಕೆ ಸೈಟ್ ಅಂದುಕೊಂಡಿರುತ್ತಾರೆ, ಕೊಡಬೇಕಾದದ್ದು ಸಪ್ಲೈಯರ್, ಅಂದರೆ ಗ್ಯಾಸ್-ಕರೆಂಟ್ ಕಂಪನಿ, ಆಗಿರುತ್ತದೆ. ಅಥವಾ ಉಲ್ಟಾ. ಅಷ್ಟರಲ್ಲಿ ಕ್ಲೇಮ್ ಮಾಡುವ ಗಡುವು ಮುಗಿದಿರುತ್ತದೆ.

ಇದು ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇರುವವರಿಗೆ ಬರೆದದ್ದು. ಈ ಮೂರೂ ಕಡೆಯ ಗ್ಯಾಸ್, ಕರೆಂಟ್ ಮಾರುಕಟ್ಟೆಯನ್ನು ನೋಡಿಕೊಳ್ಳುವುದು ಆಫ್‌ಜೆಮ್. ಉತ್ತರ ಐರ್ಲೆಂಡ್‌ಗೆ ಬೇರೆಯದೇ ನಿಯಂತ್ರಕ ಸಂಸ್ಥೆ ಇದೆ, ಅಲ್ಲಿನ ಸಪ್ಲೈಯರ್‌ಗಳೂ ಬೇರೆ.

ಕರ್ನಾಟಕದಿಂದ ಹೊಸದಾಗಿ ಬಂದವರಿಗೆ ಒಂದು ಮಾತು. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಅಂತ ಊರಿಗೆ ಒಂದೇ ಕಂಪನಿ ನೋಡಿ ಬೆಳೆದ ನಮಗೆ "ಕಂಪನಿ ಬದಲಿಸಿ" ಅಂದರೆ ಲೈನ್‌ಮ್ಯಾನ್ ಬಂದು ಕಂಬ ಹತ್ತುತ್ತಾನೇನೋ ಅನ್ನಿಸುತ್ತದೆ. ಹಾಗೇನೂ ಆಗುವುದಿಲ್ಲ. ಅದೇ ತಂತಿ, ಅದೇ ಪೈಪು, ಅದೇ ಮೀಟರ್. ಒಂದು ನಿಮಿಷವೂ ಕರೆಂಟ್ ಹೋಗುವುದಿಲ್ಲ. ಬಿಲ್ ಕಳಿಸುವವರು ಮತ್ತು ದರ, ಇವೆರಡೇ ಬದಲಾಗುವುದು.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದ್ದು

ಇತ್ತೀಚಿನ ಬಿಲ್ ತೆಗೆದಿಡಿ. ಅದರಲ್ಲಿ ಐದು ವಿಷಯ ಹುಡುಕಿ: ಈಗಿನ ಟ್ಯಾರಿಫ್‌ನ (ದರದ ಯೋಜನೆಯ) ಹೆಸರು, ಅದು ಮುಗಿಯುವ ದಿನ, ಎಕ್ಸಿಟ್ ಫೀ (ಅವಧಿಗೆ ಮುಂಚೆ ಬಿಟ್ಟರೆ ಕಟ್ಟಬೇಕಾದ ಶುಲ್ಕ) ಎಷ್ಟು, ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ಮತ್ತು ಎಷ್ಟು ಯೂನಿಟ್ ಗ್ಯಾಸ್ ಬಳಸುತ್ತೀರಿ, ಮೀಟರ್‌ನ ಸಪ್ಲೈ ನಂಬರ್. ಕರೆಂಟ್‌ನ ನಂಬರ್‌ಗೆ ಎಂಪ್ಯಾನ್ ಎನ್ನುತ್ತಾರೆ, ಅದು 13 ಅಂಕಿ. ಗ್ಯಾಸಿನದು ಎಂಪಿಆರ್‌ಎನ್, 6ರಿಂದ 10 ಅಂಕಿ. ಫ್ಲ್ಯಾಟ್‌ಗಳಲ್ಲಿ ಇರುವವರು ಈ ನಂಬರನ್ನು ಖಂಡಿತ ಹೊಂದಿಸಿ ನೋಡಬೇಕು. "ಫ್ಲ್ಯಾಟ್ 2" ಮತ್ತು "ಮೊದಲ ಮಹಡಿ ಫ್ಲ್ಯಾಟ್" ಎರಡೂ ಪಟ್ಟಿಯಲ್ಲಿದ್ದು, ತಪ್ಪಾದದ್ದನ್ನು ಆರಿಸಿದರೆ ಪಕ್ಕದ ಮನೆಯ ಮೀಟರ್ ನಿಮ್ಮ ಹೆಸರಿಗೆ ಬರುತ್ತದೆ. ಆಮೇಲೆ ಕ್ಯಾಶ್‌ಬ್ಯಾಕ್ ಇರಲಿ, ಬಿಲ್ ಸರಿಪಡಿಸುವುದರಲ್ಲೇ ತಿಂಗಳುಗಳು ಹೋಗುತ್ತವೆ.

ಇದರ ಜೊತೆಗೆ ಒಂದು ಲ್ಯಾಪ್‌ಟಾಪ್, ಜಾಹೀರಾತು ತಡೆಯುವ ಆಡ್-ಬ್ಲಾಕರ್ ಇಲ್ಲದ ಬ್ರೌಸರ್, ಮತ್ತು ಇಮೇಲ್‌ನಲ್ಲಿ ಇದಕ್ಕೆಂದೇ ಒಂದು ಫೋಲ್ಡರ್ ಸಾಕು.

ಬಾಡಿಗೆ ಮನೆಯಲ್ಲಿದ್ದೀರಾ? ಬಿಲ್ಲನ್ನು ನೀವೇ ನೇರವಾಗಿ ಕಂಪನಿಗೆ ಕಟ್ಟುತ್ತಿದ್ದರೆ ಬದಲಿಸುವ ಹಕ್ಕು ನಿಮಗಿದೆ. ಬಾಡಿಗೆಯಲ್ಲೇ ಬಿಲ್ ಸೇರಿದ್ದರೆ ಇಲ್ಲ. ಹಳೇ ಕಂಪನಿಗೆ 28 ದಿನಕ್ಕಿಂತ ಹಳೆಯ ಬಾಕಿ ಇದ್ದರೆ ಮೊದಲು ಅದನ್ನು ತೀರಿಸಿ. ಇಲ್ಲದಿದ್ದರೆ ಬದಲಾವಣೆಯನ್ನೇ ತಡೆಯುತ್ತಾರೆ, ಕ್ಯಾಶ್‌ಬ್ಯಾಕ್ ತಾನಾಗಿಯೇ ರದ್ದಾಗುತ್ತದೆ.

ಹಂತ 1: ಕ್ಯಾಶ್‌ಬ್ಯಾಕ್ ಇಲ್ಲ ಅಂದುಕೊಂಡು ಲೆಕ್ಕ ಹಾಕಿ

ಬಹಳ ಜನ ಮೊದಲು ಕ್ಯಾಶ್‌ಬ್ಯಾಕ್ ನೋಡಿ ಆಮೇಲೆ ದರ ನೋಡುತ್ತಾರೆ. ಇದನ್ನು ಉಲ್ಟಾ ಮಾಡಿ. ಮೊದಲ ಸುತ್ತಿನಲ್ಲಿ ಕ್ಯಾಶ್‌ಬ್ಯಾಕ್ ಕಾಲಂ ಕಡೆ ನೋಡಲೇಬೇಡಿ.

ಒಂದು ಲೆಕ್ಕ ನೋಡೋಣ. ಅಂಕಿ ಉದಾಹರಣೆಗೆ ಮಾತ್ರ. ಎರಡೂ ಟ್ಯಾರಿಫ್‌ನಲ್ಲಿ ಸ್ಟ್ಯಾಂಡಿಂಗ್ ಚಾರ್ಜ್ (ಬಳಸಿದರೂ ಬಿಟ್ಟರೂ ಕಟ್ಟಬೇಕಾದ ನಿಗದಿತ ಮೊತ್ತ) ದಿನಕ್ಕೆ ಕರೆಂಟ್‌ಗೆ 50 ಪೆನ್ಸ್, ಗ್ಯಾಸ್‌ಗೆ 30 ಪೆನ್ಸ್ ಇರಲಿ. ಮೊದಲ ಟ್ಯಾರಿಫ್‌ನಲ್ಲಿ ಕರೆಂಟ್ ಯೂನಿಟ್‌ಗೆ 24 ಪೆನ್ಸ್, ಗ್ಯಾಸ್ 6 ಪೆನ್ಸ್, ಕ್ಯಾಶ್‌ಬ್ಯಾಕ್ ಇಲ್ಲ. ಎರಡನೆಯದರಲ್ಲಿ ಕರೆಂಟ್ 25.5 ಪೆನ್ಸ್, ಗ್ಯಾಸ್ 6.3 ಪೆನ್ಸ್, ಜೊತೆಗೆ 60 ಪೌಂಡ್ ಕ್ಯಾಶ್‌ಬ್ಯಾಕ್. ಸಾಧಾರಣ ಮನೆಯ ಬಳಕೆ ಅಂತ 2023ರ ಅಕ್ಟೋಬರ್‌ನಿಂದ ಆಫ್‌ಜೆಮ್ ಹಿಡಿದ ಲೆಕ್ಕ ವರ್ಷಕ್ಕೆ 2,700 ಯೂನಿಟ್ ಕರೆಂಟ್, 11,500 ಯೂನಿಟ್ ಗ್ಯಾಸ್. ಆ ಬಳಕೆಗೆ ಮೊದಲನೆಯದು 1,630 ಪೌಂಡ್, ಎರಡನೆಯದು 1,705 ಪೌಂಡ್. ವ್ಯತ್ಯಾಸ 75. ಅಂದರೆ 60 ಪೌಂಡ್ ಪೂರ್ತಿ ಕೈಗೆ ಬಂದರೂ ನಿಮಗೆ 15 ಪೌಂಡ್ ನಷ್ಟ.

ಅದೇ ಇಬ್ಬರೇ ಇರುವ ಸಣ್ಣ ಫ್ಲ್ಯಾಟ್, 1,800 ಯೂನಿಟ್ ಕರೆಂಟ್, 7,500 ಯೂನಿಟ್ ಗ್ಯಾಸ್ ಅಂದುಕೊಳ್ಳಿ. ಮೊದಲನೆಯದು 1,174 ಪೌಂಡ್, ಎರಡನೆಯದು 1,223.50. ವ್ಯತ್ಯಾಸ 49.50. ಇಲ್ಲಿ ಕ್ಯಾಶ್‌ಬ್ಯಾಕ್ ಟ್ಯಾರಿಫೇ 10.50 ಪೌಂಡ್ ಅಗ್ಗ. ಅದೂ ಕ್ಯಾಶ್‌ಬ್ಯಾಕ್ ನಿಜವಾಗಿ ಬಂದರೆ! ಗೆಳೆಯನಿಗೆ ಲಾಭವಾದ ಟ್ಯಾರಿಫ್ ನಿಮಗೂ ಲಾಭ ಅಂತ ಏನೂ ಇಲ್ಲ, ನೋಡಿ. ನಿಮ್ಮ ಬಿಲ್ಲಿನ ಯೂನಿಟ್ ಹಾಕಿಯೇ ಲೆಕ್ಕ ಮಾಡಿ. ಸೈಟ್ ಕೇಳುವ "ನಿಮ್ಮ ಮನೆಯಲ್ಲಿ ಎಷ್ಟು ಬೆಡ್‌ರೂಂ" ಎಂಬ ಅಂದಾಜು ಪ್ರಶ್ನೆಗೆ ಉತ್ತರಿಸಿ ಸುಮ್ನೆ ಮುಂದೆ ಹೋಗಬೇಡಿ.

ಈ ಲೆಕ್ಕಕ್ಕೆ ಎಕ್ಸಿಟ್ ಫೀ ಸೇರಿಸುವುದನ್ನು ಮರೆಯಬೇಡಿ. ಅದನ್ನು ಸಾಮಾನ್ಯವಾಗಿ ಕರೆಂಟ್‌ಗೆ ಒಂದು, ಗ್ಯಾಸ್‌ಗೆ ಒಂದು ಅಂತ ಬೇರೆ ಬೇರೆ ಹಾಕುತ್ತಾರೆ. ಬಿಲ್ಲಿನಲ್ಲಿ "ಪ್ರತಿ ಫ್ಯೂಯಲ್‌ಗೆ 50 ಪೌಂಡ್" ಎಂದಿದ್ದರೆ ಒಟ್ಟು 100. ದರ ಬದಲಾಗದ ಫಿಕ್ಸ್ ಅವಧಿಯ ಕೊನೆಯ 49 ದಿನಗಳಲ್ಲಿ ಮಾತ್ರ ಎಕ್ಸಿಟ್ ಫೀ ಹಾಕುವಂತಿಲ್ಲ. ಹಾಗಾಗಿ ಮುಗಿಯುವ ದಿನ ಹತ್ತಿರವಿದ್ದರೆ ಆ 49 ದಿನಗಳ ಬಾಗಿಲು ತೆರೆಯುವವರೆಗೆ ಕಾಯಿರಿ.

ಇನ್ನೊಂದು ಸೂಕ್ಷ್ಮ. ಹಲವು ಹೋಲಿಕೆ ಸೈಟ್‌ಗಳು ತೆರೆದ ಕೂಡಲೇ ತಮ್ಮ ಮೂಲಕ ಬದಲಿಸಬಹುದಾದ ಟ್ಯಾರಿಫ್‌ಗಳನ್ನಷ್ಟೇ ತೋರಿಸುತ್ತವೆ. ಕಮಿಷನ್ ಬರುವುದು ಅವುಗಳಿಂದಲೇ ಅಲ್ವಾ. ಫಿಲ್ಟರ್‌ಗೆ ಹೋಗಿ ಎಲ್ಲ ಟ್ಯಾರಿಫ್ ತೋರಿಸುವ ಆಯ್ಕೆ ಒತ್ತಿ. ಹೋಲಿಕೆ ಸೈಟ್‌ಗಳಿಗೆಂದು ಆಫ್‌ಜೆಮ್ ಮಾಡಿದ ನಿಯಮಾವಳಿ ಕಾನ್ಫಿಡೆನ್ಸ್ ಕೋಡ್‌ಗೆ ಒಪ್ಪಿದ ಸೈಟ್ ಆದರೆ ಅದರ ಗುರುತು ಪುಟದ ಕೆಳಗೆ ಇರುತ್ತದೆ. ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಹೋಲಿಕೆ ಪುಟವನ್ನೂ ಒಮ್ಮೆ ನೋಡಿ. ಅದೊಂದು ಸೇವಾ ಸಂಸ್ಥೆ. ನಿಮ್ಮ ಲೆಕ್ಕ ಸರಿಯಿದೆಯಾ ಎಂದು ತಾಳೆ ನೋಡಲು ಒಳ್ಳೆಯದು.

ಹಂತ 2: ದುಡ್ಡು ಕೊಡುವವರು ಯಾರು ಎಂದು ಒಂದು ಸಾಲಿನಲ್ಲಿ ಬರೆದುಕೊಳ್ಳಿ

ನನ್ನ ಅನುಭವದಲ್ಲಿ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಹಂತ ಇಲ್ಲ. "ಕ್ಯಾಶ್‌ಬ್ಯಾಕ್" ಎಂಬ ಒಂದೇ ಪದದ ಹಿಂದೆ ನಾಲ್ಕು ಬೇರೆ ಬೇರೆ ವ್ಯವಹಾರ ಇವೆ.

ಮೊದಲನೆಯದು, ಹೋಲಿಕೆ ಸೈಟೇ ಕೊಡುವುದು. ಸಪ್ಲೈಯರ್‌ನಿಂದ ಬಂದ ಕಮಿಷನ್‌ನಲ್ಲಿ ಒಂದು ಪಾಲನ್ನು ನಿಮಗೆ ಕೊಡುತ್ತದೆ. ಇದು ಬ್ಯಾಂಕಿಗೆ ಬರಬಹುದು, ಅಂಗಡಿಯ ಗಿಫ್ಟ್ ಕಾರ್ಡ್ ರೂಪದಲ್ಲೂ ಬರಬಹುದು.

ಎರಡನೆಯದು, ಟಾಪ್‌ಕ್ಯಾಶ್‌ಬ್ಯಾಕ್, ಕ್ವಿಡ್ಕೋದಂಥ ಕ್ಯಾಶ್‌ಬ್ಯಾಕ್ ಸೈಟ್ ಕೊಡುವುದು. ಇಲ್ಲಿ ದಾರಿ ಉದ್ದ: ಕ್ಯಾಶ್‌ಬ್ಯಾಕ್ ಸೈಟ್‌ನಿಂದ ಹೋಲಿಕೆ ಸೈಟ್‌ಗೆ, ಅಲ್ಲಿಂದ ಸಪ್ಲೈಯರ್‌ಗೆ. ಕಮಿಷನ್ ಇದೇ ದಾರಿಯಲ್ಲಿ ಹಿಂದಕ್ಕೆ ಬಂದರೆ ಮಾತ್ರ ನಿಮಗೆ ದುಡ್ಡು. ಮಧ್ಯೆ ಎಲ್ಲಿ ಕೊಂಡಿ ಕಳಚಿದರೂ ಬರುವುದಿಲ್ಲ. ತಮಗೆ ಕಮಿಷನ್ ಬರದಿದ್ದರೆ ಕೊಡುವ ಹೊಣೆ ತಮ್ಮದಲ್ಲ ಎಂದು ಇಂಥ ಸೈಟ್‌ಗಳು ಷರತ್ತಿನಲ್ಲಿ ಬರೆದುಕೊಂಡಿರುತ್ತವೆ.

ಮೂರನೆಯದು, ಸಪ್ಲೈಯರ್ ತಾನೇ ಕೊಡುವುದು. ಬಹಳ ಸಲ ಇದು ನಗದಲ್ಲ, ನಿಮ್ಮ ಎನರ್ಜಿ ಖಾತೆಗೆ ಜಮಾ ಆಗುವ ಕ್ರೆಡಿಟ್. ಕಾಲ ಕಳೆದಂತೆ ಬಿಲ್ಲಿನಲ್ಲಿ ವಜಾ ಆಗುತ್ತದೆ.

ನಾಲ್ಕನೆಯದು, ರೆಫರಲ್. ಆಕ್ಟೋಪಸ್ ಎನರ್ಜಿಯಂಥ ಕಂಪನಿಗಳಲ್ಲಿ ಗೆಳೆಯರ ಲಿಂಕ್‌ನಿಂದ ಸೇರಿದರೆ ಇಬ್ಬರಿಗೂ ಕ್ರೆಡಿಟ್ ಸಿಗುವ ಏರ್ಪಾಡು ನಮ್ಮವರಲ್ಲಿ ತುಂಬಾ ಜನರಿಗೆ ಗೊತ್ತು. ರೆಫರಲ್ ಮತ್ತು ಕ್ಯಾಶ್‌ಬ್ಯಾಕ್ ಎರಡೂ ಒಟ್ಟಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಎರಡಕ್ಕೂ ಕೈ ಹಾಕಿ ಎರಡನ್ನೂ ಕಳೆದುಕೊಂಡವರಿದ್ದಾರೆ. ಮೊದಲೇ ಒಂದನ್ನು ಆರಿಸಿ.

ಈಗ ಒಂದು ಸಾಲು ಬರೆಯಿರಿ: "ಇಂಥವರು, ಇಷ್ಟು ಪೌಂಡ್, ಈ ರೂಪದಲ್ಲಿ, ಇಷ್ಟು ದಿನದೊಳಗೆ ಕೊಡುತ್ತಾರೆ." ಈ ನಾಲ್ಕರಲ್ಲಿ ಒಂದು ಜಾಗ ಖಾಲಿ ಉಳಿದರೂ ಮುಂದೆ ಹೋಗಬೇಡಿ.

ಹಂತ 3: ಷರತ್ತು ಓದುವುದು, ಅದೂ ಸರಿಯಾದ ಪುಟದಲ್ಲಿ

ಬಣ್ಣದ ಪಟ್ಟಿಯಲ್ಲಿ ಇರುವುದು ಜಾಹೀರಾತು. ಷರತ್ತು ಇರುವುದು ಅದರ ಕೆಳಗೆ ಸಣ್ಣ ಅಕ್ಷರದ ಲಿಂಕ್‌ನಲ್ಲಿ. ಕ್ಯಾಶ್‌ಬ್ಯಾಕ್ ಸೈಟ್ ಮೂಲಕ ಹೋಗುತ್ತಿದ್ದರೆ ಎರಡು ಕಡೆಯ ಷರತ್ತೂ ಅನ್ವಯ. ಇಡೀ ಪುಟ ಓದಲು ಬೇಸರವಾದರೆ ಕೆಳಗಿನ ಮಾತುಗಳನ್ನಾದರೂ ಹುಡುಕಿ ಓದಿ.

"ಹೊಸ ಗ್ರಾಹಕ." ನನಗೆ ಏಟು ಬಿದ್ದದ್ದು ಇಲ್ಲೇ. ನಾವು ಬಾಡಿಗೆ ಮನೆ ಬದಲಿಸಿ ಐದು ತಿಂಗಳಾಗಿತ್ತು. ಹೊಸ ಮನೆಗೆ ಒಂದು ಕಂಪನಿಯ ಟ್ಯಾರಿಫ್ ಆರಿಸಿದೆ. ಪುಟದ ಮೇಲೆ "ಹೊಸ ಗ್ರಾಹಕರಿಗೆ 70 ಪೌಂಡ್" ಎಂದಿತ್ತು. ಹೊಸ ಮನೆ, ಹೊಸ ಮೀಟರ್, ಹೊಸ ಖಾತೆ ಸಂಖ್ಯೆ. ನಾನು ಹೊಸಬನೇ ಅಂದುಕೊಂಡೆ. ನಾಲ್ಕು ತಿಂಗಳು ಕಾದ ಮೇಲೆ ಒಂದು ಸಾಲಿನ ಉತ್ತರ ಬಂತು: ಅರ್ಹರಲ್ಲ. ಹಳೇ ಮನೆಯಲ್ಲಿ ಅದೇ ಕಂಪನಿಯ ಗ್ರಾಹಕನಾಗಿದ್ದೆ, 12 ತಿಂಗಳೊಳಗೆ ಗ್ರಾಹಕರಾಗಿದ್ದವರು ಹೊಸಬರಲ್ಲವಂತೆ. ಅದು ನನ್ನ ಕಣ್ಣಿಗೆ ಬಿದ್ದ ಪುಟದಲ್ಲಿ ಇರಲಿಲ್ಲ ಎಂದು ವಾದಿಸಿದೆ. ಪುಟ ತೋರಿಸಿ ಎಂದರು. ನನ್ನ ಬಳಿ ಸ್ಕ್ರೀನ್‌ಶಾಟ್ ಇರಲಿಲ್ಲ, ಪುಟ ಅಷ್ಟರಲ್ಲಿ ಬದಲಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಾಗಾಗಿ "ಹೊಸ" ಅಂದರೆ ಯಾರಿಗೆ ಹೊಸ, ಎಷ್ಟು ತಿಂಗಳಿಂದ ಹೊಸ, ವ್ಯಕ್ತಿಗೋ ವಿಳಾಸಕ್ಕೋ, ಇದನ್ನು ಕಡ್ಡಾಯ ನೋಡಿ. ಗಂಡನ ಹೆಸರಿನ ಖಾತೆ ಮುಚ್ಚಿ ಹೆಂಡತಿಯ ಹೆಸರಲ್ಲಿ ತೆರೆದರೂ "ಒಂದು ಮನೆಗೆ ಒಂದೇ ಸಲ" ಎಂಬ ಷರತ್ತು ಅಡ್ಡ ಬರುತ್ತದೆ.

"ವರೆಗೆ." 70 ಪೌಂಡ್ ಬೇರೆ, "70 ಪೌಂಡ್ ವರೆಗೆ" ಬೇರೆ. ಪೂರ್ತಿ ಮೊತ್ತ ಸಾಮಾನ್ಯವಾಗಿ ಗ್ಯಾಸ್ ಮತ್ತು ಕರೆಂಟ್ ಎರಡನ್ನೂ ಒಟ್ಟಿಗೆ ಬದಲಿಸಿದವರಿಗೆ, ಅಂದರೆ ಡ್ಯುಯಲ್ ಫ್ಯೂಯಲ್‌ಗೆ. ಗ್ಯಾಸ್ ಸಂಪರ್ಕವೇ ಇಲ್ಲದ ಫ್ಲ್ಯಾಟ್‌ನವರಿಗೆ ಅರ್ಧ ಸಿಗಬಹುದು, ಏನೂ ಸಿಗದೆಯೂ ಇರಬಹುದು.

"ಆಯ್ದ ಟ್ಯಾರಿಫ್." ಸಪ್ಲೈಯರ್‌ನ ಹೆಸರಿಗೆ ಕ್ಯಾಶ್‌ಬ್ಯಾಕ್ ಇದೆ ಅಂದರೆ ಅವರ ಎಲ್ಲ ಟ್ಯಾರಿಫ್‌ಗೂ ಇದೆ ಅಂತ ಅರ್ಥವಲ್ಲ. ಟ್ಯಾರಿಫ್‌ನ ಪೂರ್ತಿ ಹೆಸರು, ಕೊನೆಯಲ್ಲಿರುವ ತಿಂಗಳು ಮತ್ತು ಆವೃತ್ತಿಯ ಅಂಕಿ ಸಮೇತ ತಾಳೆಯಾಗಬೇಕು.

ಪಾವತಿ ಮತ್ತು ಮೀಟರ್. ತಿಂಗಳ ಡೈರೆಕ್ಟ್ ಡೆಬಿಟ್ (ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತ) ಕಡ್ಡಾಯವೇ? ಸ್ಮಾರ್ಟ್ ಮೀಟರ್ ಹಾಕಿಸಿಕೊಳ್ಳಲು ಒಪ್ಪಬೇಕೇ? ಒಪ್ಪಿದರೆ ಸಾಕೋ, ಹಾಕಿಸಿಯೇ ಇರಬೇಕೋ? ಮೊದಲೇ ದುಡ್ಡು ಹಾಕಿ ಬಳಸುವ ಪ್ರೀಪೇಮೆಂಟ್ ಮೀಟರ್‌ನವರನ್ನು, ರಾತ್ರಿಗೆ ಬೇರೆ ಅಗ್ಗದ ದರ ಇರುವ ಎಕಾನಮಿ 7 ಮೀಟರ್‌ನವರನ್ನು ಹೊರಗಿಟ್ಟಿದ್ದಾರೆಯೇ?

ಎಷ್ಟು ದಿನ ಉಳಿಯಬೇಕು. ಬದಲಾವಣೆ ಆದ ದಿನದಿಂದ ಇಂತಿಷ್ಟು ದಿನ ಗ್ರಾಹಕರಾಗಿ ಉಳಿಯಬೇಕು ಎಂಬ ಷರತ್ತು ಸಾಮಾನ್ಯ. ಆ ಅವಧಿಯಲ್ಲಿ ಅದೇ ಕಂಪನಿಯ ಇನ್ನೊಂದು ಅಗ್ಗದ ಟ್ಯಾರಿಫ್‌ಗೆ ಹಾರಿದರೂ ಕೆಲವು ಕಡೆ ಕ್ಯಾಶ್‌ಬ್ಯಾಕ್ ಹೋಗುತ್ತದೆ. ಮನೆ ಖಾಲಿ ಮಾಡುವ ಯೋಚನೆ ಇರುವ ಬಾಡಿಗೆದಾರರು ಇದನ್ನು ಎರಡು ಸಲ ಓದಿ.

ನೀವು ಕ್ಲೇಮ್ ಮಾಡಬೇಕೇ, ತಾನಾಗಿ ಬರುತ್ತದೆಯೇ. ಕೆಲವು ಕಡೆ ಬದಲಾವಣೆ ಆದ ಮೇಲೆ ಒಂದು ಇಮೇಲ್ ಬರುತ್ತದೆ, ಅದರ ಲಿಂಕ್ ಒತ್ತಿ ಬ್ಯಾಂಕ್ ವಿವರ ತುಂಬಬೇಕು. ಆ ಲಿಂಕ್‌ಗೂ ಗಿಫ್ಟ್ ಕಾರ್ಡ್‌ಗೂ ಗಡುವು ಇರುತ್ತದೆ. ಸ್ಪ್ಯಾಮ್ ಫೋಲ್ಡರ್‌ಗೆ ಬಿದ್ದ ಒಂದು ಇಮೇಲ್‌ನಿಂದ ದುಡ್ಡು ಹೋದದ್ದನ್ನು ನಾನೇ ಕಂಡಿದ್ದೇನೆ.

ಹಂತ 4: ಅನುಮಾನ ಬಂದರೆ ಬರವಣಿಗೆಯಲ್ಲಿ ಕೇಳಿ

ಓದಿದ ಮೇಲೂ ಅರ್ಥವಾಗದ ಷರತ್ತು ಉಳಿಯುತ್ತದೆ. ನಿಮ್ಮ ಇಂಗ್ಲಿಷ್ ಸಾಲದು ಅಂದುಕೊಳ್ಳಬೇಡಿ. ಬರೆದಿರುವುದೇ ಹಾಗೆ. ಫೋನ್ ಮಾಡಿ ಕೇಳಿದರೆ ಬಾಯ್ಮಾತು ಬಾಯ್ಮಾತಾಗಿಯೇ ಉಳಿಯುತ್ತದೆ. ಚಾಟ್‌ನಲ್ಲೋ ಇಮೇಲ್‌ನಲ್ಲೋ ಕೇಳಿ.

ಪ್ರಶ್ನೆ ಹೌದು-ಅಲ್ಲ ಎಂದು ಉತ್ತರಿಸುವಂತಿರಲಿ. "ನನಗೆ ಕ್ಯಾಶ್‌ಬ್ಯಾಕ್ ಸಿಗುತ್ತದಾ" ಎಂದು ಕೇಳಿದರೆ "ಷರತ್ತು ಪೂರೈಸಿದರೆ ಸಿಗುತ್ತದೆ" ಎಂಬ ಉತ್ತರ ಬರುತ್ತದೆ, ಪ್ರಯೋಜನವಿಲ್ಲ. "ನಾನು ಬೇರೆ ವಿಳಾಸದಲ್ಲಿ ಇದೇ ಕಂಪನಿಯ ಗ್ರಾಹಕನಾಗಿದ್ದೆ, ಇಂಥ ತಿಂಗಳು ಖಾತೆ ಮುಚ್ಚಿದೆ. ಇಂಥ ಹೆಸರಿನ ಟ್ಯಾರಿಫ್‌ಗೆ ಇವತ್ತು ಬದಲಿಸಿದರೆ ನಾನು ಹೊಸ ಗ್ರಾಹಕನೇ?" ಎಂದು ಕೇಳಿ. ಚಾಟ್ ಮುಗಿಯುವ ಮುಂಚೆ ಅದರ ಪ್ರತಿಯನ್ನು ಇಮೇಲ್‌ಗೆ ಕಳಿಸಿಕೊಳ್ಳಿ.

ಇವು ಕಂಡರೆ ಅಲ್ಲೇ ನಿಲ್ಲಿ

ಷರತ್ತಿನ ಲಿಂಕ್ ಒತ್ತಿದರೆ ಪುಟ ತೆರೆಯುವುದಿಲ್ಲ, ಅಥವಾ ಮುಗಿದುಹೋದ ಹಳೇ ಆಫರ್‌ನ ಷರತ್ತು ತೆರೆಯುತ್ತದೆ. ಪಾವತಿ ಯಾವಾಗ ಎಂಬ ದಿನವೇ ಇಲ್ಲ. ಹೋಲಿಕೆ ಪುಟದಲ್ಲಿ ಒಂದು ಮೊತ್ತ, ಷರತ್ತಿನಲ್ಲಿ ಇನ್ನೊಂದು. ವರ್ಷದ ಉಳಿತಾಯದ ಅಂಕಿಯಲ್ಲೇ ಕ್ಯಾಶ್‌ಬ್ಯಾಕ್ ಸೇರಿಸಿ ತೋರಿಸಿದ್ದಾರೆ. ಕೊನೆಯದು ತುಂಬಾ ಜನರನ್ನು ಯಾಮಾರಿಸುತ್ತದೆ, ಟ್ಯಾರಿಫ್ ಅಗ್ಗ ಅನ್ನಿಸುವಂತೆ ಮಾಡುತ್ತದೆ.

ಕ್ಯಾಶ್‌ಬ್ಯಾಕ್ ಬಿಡುಗಡೆಗೆ ಮೊದಲು ಇಷ್ಟು ಕಟ್ಟಿ ಎಂದು ಯಾರಾದರೂ ಕೇಳಿದರೆ ಅದು ನೂರಕ್ಕೆ ನೂರು ಮೋಸ. ಡೆಬಿಟ್ ಕಾರ್ಡಿನ ಹಿಂದಿನ ಮೂರು ಅಂಕಿ ಕೇಳಿದರೂ ಅಷ್ಟೇ. ಆಫ್‌ಜೆಮ್‌ನಿಂದ ಕರೆ ಮಾಡುತ್ತಿದ್ದೇವೆ ಎಂದು ಟ್ಯಾರಿಫ್ ಮಾರಲು ಬಂದರೆ ಫೋನ್ ಇಟ್ಟುಬಿಡಿ. ಆಫ್‌ಜೆಮ್ ಗ್ಯಾಸು, ಕರೆಂಟು ಮಾರುವುದಿಲ್ಲ. ಇಂಥ ಮೆಸೇಜ್ ಬಂದರೆ, ಮೋಸದ ಮೆಸೇಜ್ ತಿಳಿಸುವ ನಂಬರ್ 7726ಕ್ಕೆ ಫಾರ್ವರ್ಡ್ ಮಾಡಿ.

ಹಂತ 5: ಒತ್ತುವ ಮುಂಚೆ ಸಾಕ್ಷಿ ಹಿಡಿದಿಡಿ

ಐದು ನಿಮಿಷದ ಕೆಲಸ. ಆಫರ್ ಕಾಣುವ ಪುಟ, ಷರತ್ತಿನ ಪೂರ್ತಿ ಪುಟ, ಟ್ಯಾರಿಫ್‌ನ ವಿವರ, ಅಂದಾಜು ವಾರ್ಷಿಕ ವೆಚ್ಚ. ಈ ನಾಲ್ಕನ್ನೂ ಪಿಡಿಎಫ್ ಆಗಿ ಉಳಿಸಿ. ಬ್ರೌಸರ್‌ನ ಪ್ರಿಂಟ್ ಆಯ್ಕೆಯಲ್ಲಿ ಪಿಡಿಎಫ್ ಎಂದು ಕೊಟ್ಟರೆ ಸಾಕು, ದಿನಾಂಕ ಮತ್ತು ಪುಟದ ವಿಳಾಸ ತಾನಾಗಿ ಅಂಚಿನಲ್ಲಿ ಬರುವಂತೆ ಹೆಡರ್ ಆಯ್ಕೆ ಹಾಕಿಕೊಳ್ಳಿ. ಮೊಬೈಲ್‌ನಲ್ಲಿ ಅರ್ಧ ಪರದೆಯ ಸ್ಕ್ರೀನ್‌ಶಾಟ್ ತೆಗೆದು ಷರತ್ತಿನ ಕೊನೆಯ ಭಾಗ ಬಿಟ್ಟುಹೋಗುವುದು ಸಾಮಾನ್ಯ ತಪ್ಪು. ಆ ಪಿಡಿಎಫ್‌ಗಳನ್ನು ನಿಮಗೆ ನೀವೇ ಇಮೇಲ್ ಮಾಡಿ. ಕಳಿಸಿದ ದಿನ, ಗಂಟೆ ಅದರಲ್ಲೇ ದಾಖಲಾಗುತ್ತದೆ.

ಹಂತ 6: ಒಂದೇ ಕೂರುವಿಕೆಯಲ್ಲಿ ಮುಗಿಸಿ

ಕ್ಯಾಶ್‌ಬ್ಯಾಕ್ ಸೈಟ್ ಮೂಲಕ ಹೋಗುವವರಿಗೆ ಈ ಹಂತದ ಕ್ರಮ ತಪ್ಪಿದರೆ ಹಿಂದೆ ಮಾಡಿದ್ದೆಲ್ಲ ವ್ಯರ್ಥ. ನೀವು ಯಾವ ಲಿಂಕ್‌ನಿಂದ ಬಂದಿರಿ ಎಂಬುದನ್ನು ಬ್ರೌಸರ್‌ನಲ್ಲಿ ಉಳಿಯುವ ಕುಕೀ ಎಂಬ ಸಣ್ಣ ಗುರುತು ಹೇಳುತ್ತದೆ. ಸಾಮಾನ್ಯವಾಗಿ ಕೊನೆಯ ಕ್ಲಿಕ್ ಯಾರದೋ ಕಮಿಷನ್ ಅವರಿಗೆ.

ಹೋಲಿಕೆ, ಲೆಕ್ಕ, ಓದು ಎಲ್ಲವನ್ನೂ ಮೊದಲೇ ಮುಗಿಸಿರಿ. ಎಲ್ಲ ಟ್ಯಾಬ್ ಮುಚ್ಚಿ. ಆಡ್-ಬ್ಲಾಕರ್, ವಿಪಿಎನ್ ಆಫ್ ಮಾಡಿ. ಇನ್‌ಕಾಗ್ನಿಟೋ ಕಿಟಕಿ ಬೇಡ. ಕ್ಯಾಶ್‌ಬ್ಯಾಕ್ ಸೈಟ್‌ಗೆ ಲಾಗಿನ್ ಆಗಿ, ಅಲ್ಲಿನ ಬಟನ್ ಒತ್ತಿ. ತೆರೆದ ಪುಟದಲ್ಲಿ ಕುಕೀ ಒಪ್ಪಿಗೆ ಕೇಳಿದರೆ ಒಪ್ಪಿ. ನಿರಾಕರಿಸಿದರೆ ಗುರುತು ಉಳಿಯುವುದಿಲ್ಲ. ಅದೇ ಕಿಟಕಿಯಲ್ಲಿ ಕೊನೆಯ ದೃಢೀಕರಣದವರೆಗೆ ಹೋಗಿ.

ಮಧ್ಯೆ "ಇನ್ನೂ ಅಗ್ಗ ಇದೆಯಾ" ಎಂದು ಇನ್ನೊಂದು ಹೋಲಿಕೆ ಸೈಟ್ ತೆರೆಯಬೇಡಿ. ವೋಚರ್ ಕೋಡ್ ಹುಡುಕಬೇಡಿ. ಮೊಬೈಲ್‌ನಲ್ಲಿ ಮಾಡಿದರೆ ಲಿಂಕ್ ಕೆಲವು ಸಲ ಬ್ರೌಸರ್ ಬಿಟ್ಟು ಆ್ಯಪ್‌ನಲ್ಲಿ ತೆರೆದುಕೊಳ್ಳುತ್ತದೆ, ಗುರುತು ಅಲ್ಲೇ ಕಳಚುತ್ತದೆ. ಅದಕ್ಕೇ ಲ್ಯಾಪ್‌ಟಾಪ್ ಅಂದದ್ದು. ಫಾರ್ಮ್ ಅರ್ಧದಲ್ಲಿ ನಿಂತು, ಸಪ್ಲೈಯರ್‌ನವರು ಫೋನ್ ಮಾಡಿ "ನಾವೇ ಮುಗಿಸಿಕೊಡುತ್ತೇವೆ" ಎಂದರೆ ಬೇಡ ಅನ್ನಿ. ಫೋನಿನಲ್ಲಿ ಮುಗಿಸಿದ ಬದಲಾವಣೆಗೆ ಆ ಗುರುತು ಅಂಟಿಕೊಳ್ಳುವುದಿಲ್ಲ.

ದೃಢೀಕರಣ ಪುಟವನ್ನೂ ಪಿಡಿಎಫ್ ಮಾಡಿ. ರೆಫರೆನ್ಸ್ ನಂಬರ್, ಸಮಯ ಬರೆದಿಡಿ.

ಹಂತ 7: ಬದಲಾವಣೆಯ ದಿನಗಳು

ಇಲ್ಲಿ ನೀವು ಮಾಡುವುದು ಕಡಿಮೆ. ಹಳೇ ಕಂಪನಿಗೆ ತಿಳಿಸುವ ಕೆಲಸ ಹೊಸ ಕಂಪನಿಯದು. ಐದು ಕೆಲಸದ ದಿನಗಳಲ್ಲಿ ಆಗಬಹುದು, ನೀವೇ ಇನ್ನೂ ಮುಂದಿನ ತಾರೀಖು ಆರಿಸಿದ್ದರೆ ಜಾಸ್ತಿ. 14 ದಿನದ ಕೂಲಿಂಗ್ ಆಫ್ ಅವಧಿಯಲ್ಲಿ ಮನಸ್ಸು ಬದಲಾದರೆ ರದ್ದು ಮಾಡಬಹುದು, ಆದರೆ ಕ್ಯಾಶ್‌ಬ್ಯಾಕ್ ಕೂಡ ರದ್ದು. ಮತ್ತೆ ಅದೇ ಕಂಪನಿಗೆ ಬಂದರೆ "ಹೊಸ ಗ್ರಾಹಕ" ಪ್ರಶ್ನೆ ಎದ್ದೇಳುತ್ತದೆ. ಹಳೇ ಡೈರೆಕ್ಟ್ ಡೆಬಿಟ್ ಅನ್ನು ಕೊನೆಯ ಬಿಲ್ ಬರುವ ಮುಂಚೆ ಬ್ಯಾಂಕಿನಲ್ಲಿ ರದ್ದು ಮಾಡಬೇಡಿ.

ಬದಲಾವಣೆಯ ದಿನ ಮೀಟರ್‌ನ ಫೋಟೋ ತೆಗೆಯಿರಿ. ನಮ್ಮ ಗ್ಯಾಸ್ ಮೀಟರ್ ಮನೆಯ ಹೊರಗೋಡೆಯ ಬಿಳಿ ಪೆಟ್ಟಿಗೆಯಲ್ಲಿದೆ, ತ್ರಿಕೋನದ ಕೀಲಿ ಬೇಕು. ನವೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಫೋನಿನ ಫ್ಲ್ಯಾಶ್ ಹಾಕಿದರೆ ಗಾಜು ಹೊಳೆದು ಅಂಕಿಯೇ ಕಾಣುವುದಿಲ್ಲ. ಇನ್ನೊಬ್ಬರು ಪಕ್ಕದಿಂದ ಟಾರ್ಚ್ ಹಿಡಿದರೆ ಚೆನ್ನಾಗಿ ಬರುತ್ತದೆ. ಅಂಕಿಯ ಜೊತೆ ಮೀಟರ್‌ನ ಸೀರಿಯಲ್ ನಂಬರೂ ಚಿತ್ರದಲ್ಲಿ ಇರಲಿ. ಓದುವಾಗ ದಶಮಾಂಶ ಚುಕ್ಕೆಯ ನಂತರದ ಅಂಕಿ, ಕೆಂಪು ಅಂಕಿ ಬಿಡಿ.

ಹಳೇ ಕಂಪನಿ ಆರು ವಾರದೊಳಗೆ ಕೊನೆಯ ಬಿಲ್ ಕಳಿಸಬೇಕು. ನಿಮ್ಮ ದುಡ್ಡು ಅವರ ಬಳಿ ಉಳಿದಿದ್ದರೆ ಆ ಬಿಲ್ ಆದ ಹತ್ತು ಕೆಲಸದ ದಿನಗಳಲ್ಲಿ ವಾಪಸ್ ಕೊಡಬೇಕು. ಇದು ನಿಮ್ಮದೇ ದುಡ್ಡು, ಕ್ಯಾಶ್‌ಬ್ಯಾಕ್ ಅಲ್ಲ. ಎರಡನ್ನೂ ಬೆರೆಸಿಕೊಂಡು "ಬಂತಲ್ಲ" ಎಂದು ಸುಮ್ಮನಾದವರಿದ್ದಾರೆ.

ಹಂತ 8: ಕಾಯುವ ತಿಂಗಳುಗಳಲ್ಲಿ ನೋಡಬೇಕಾದ್ದು

ಕ್ಯಾಶ್‌ಬ್ಯಾಕ್ ಸೈಟ್‌ನ ಖಾತೆಯಲ್ಲಿ ಕೆಲವು ದಿನದೊಳಗೆ "ಟ್ರ್ಯಾಕ್ಡ್" ಎಂದು ಕಾಣಬೇಕು. ಅಂದರೆ ಕ್ಲಿಕ್ ದಾಖಲಾಯಿತು ಅಂತ ಅಷ್ಟೇ, ದುಡ್ಡು ಖಚಿತ ಅಂತಲ್ಲ. ಆಮೇಲೆ "ಕನ್ಫರ್ಮ್ಡ್", ಕೊನೆಗೆ "ಪೇಯಬಲ್". ಎನರ್ಜಿಗೆ ಇದು ತಿಂಗಳುಗಳ ಕೆಲಸ, ಏಕೆಂದರೆ ನೀವು ಗ್ರಾಹಕರಾಗಿ ಉಳಿದಿರಾ ಎಂದು ನೋಡಿದ ಮೇಲೆಯೇ ಸಪ್ಲೈಯರ್ ಕಮಿಷನ್ ಕೊಡುವುದು.

ಫೋನಿನ ಕ್ಯಾಲೆಂಡರ್‌ನಲ್ಲಿ ಮೂರು ದಿನ ಗುರುತು ಹಾಕಿ. ಒಂದು, ವಾರದ ನಂತರ: ಟ್ರ್ಯಾಕ್ ಆಗಿದೆಯಾ? ಎರಡು, ಕ್ಲೇಮ್ ಸಲ್ಲಿಸುವ ಗಡುವಿಗೆ ಎರಡು ವಾರ ಮುಂಚೆ. ಮೂರು, ಷರತ್ತಿನಲ್ಲಿ ಹೇಳಿದ ಪಾವತಿ ದಿನದ ಮರುದಿನ. ಟ್ರ್ಯಾಕ್ ಆಗದಿದ್ದರೆ ಸೈಟ್ ಹೇಳುವ ಕನಿಷ್ಠ ದಿನ ಕಾದು, ಗಡುವಿನೊಳಗೆ ಕ್ಲೇಮ್ ಹಾಕಿ. ಬೇಗ ಹಾಕಿದರೂ ವಾಪಸ್, ತಡವಾದರೂ ವಾಪಸ್.

ಆ ದುಡ್ಡು ಬರುವವರೆಗೆ ಖರ್ಚಿನ ಲೆಕ್ಕಕ್ಕೆ ಸೇರಿಸಬೇಡಿ.

ಹಂತ 9: "ಅರ್ಹರಲ್ಲ" ಎಂದು ಬಂದರೆ

ಮೊದಲ ನಿರಾಕರಣೆಗೇ ಕೈಚೆಲ್ಲಬೇಡಿ. ದೂರು ಇಂಗ್ಲಿಷ್‌ನಲ್ಲೇ ಬರೆಯಬೇಕು, ಆದರೆ ಉದ್ದ ಬೇಡ. ಯಾವ ದಿನ ಬದಲಿಸಿದಿರಿ, ರೆಫರೆನ್ಸ್ ಏನು. ಪುಟದಲ್ಲಿ ಏನಿತ್ತು, ಅದರ ಪಿಡಿಎಫ್ ಜೊತೆಗಿದೆ. ಯಾವ ಷರತ್ತು ಪೂರೈಸಿದ್ದೀರಿ, ಹೇಗೆ. ನಿರಾಕರಣೆಗೆ ಕೊಟ್ಟ ಕಾರಣ ಷರತ್ತಿನ ಯಾವ ಸಾಲಿನಲ್ಲಿದೆ ಎಂದು ತೋರಿಸುವಂತೆ ಅವರನ್ನು ಕೇಳಿ. ಎಷ್ಟು ಪೌಂಡ್, ಯಾವ ದಿನದೊಳಗೆ ಬೇಕು. ಸಿಟ್ಟು, ವ್ಯಂಗ್ಯ ಬೇಡ. ಇದು "ದೂರು" ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಬರೀ ಮಾಹಿತಿ ಕೇಳಿದ್ದು ಎಂದು ದಾಖಲಿಸಿದರೆ ಮುಂದೆ ಹೇಳುವ ಎಂಟು ವಾರದ ಲೆಕ್ಕ ಶುರುವಾಗುವುದಿಲ್ಲ.

ಷರತ್ತೇ ಅಸ್ಪಷ್ಟವಾಗಿದ್ದರೆ ನಿಮ್ಮ ಬಲ 2015ರ ಕನ್ಸ್ಯೂಮರ್ ರೈಟ್ಸ್ ಆ್ಯಕ್ಟ್. ಅದರ 68ನೇ ಸೆಕ್ಷನ್ ಪ್ರಕಾರ ಗ್ರಾಹಕರಿಗೆ ಬರೆದುಕೊಟ್ಟ ಷರತ್ತು ಸರಳ, ಅರ್ಥವಾಗುವ ಭಾಷೆಯಲ್ಲಿರಬೇಕು. 69ನೇ ಸೆಕ್ಷನ್ ಇನ್ನೂ ಮುಖ್ಯ: ಒಂದು ಷರತ್ತಿಗೆ ಎರಡು ಅರ್ಥ ಬರುವುದಾದರೆ ಗ್ರಾಹಕರಿಗೆ ಅನುಕೂಲವಾದ ಅರ್ಥವನ್ನೇ ಹಿಡಿಯಬೇಕು. ನಮ್ಮ ಗೆಳೆಯರ ಮನೆಯಲ್ಲಿ "ಹೊಸ ಗ್ರಾಹಕ" ಎಂಬುದೇ ತಕರಾರಾದಾಗ, ವಿವರಣೆ ಎಲ್ಲೂ ಇಲ್ಲದ ಆ ದಿನದ ಪಿಡಿಎಫ್ ಲಗತ್ತಿಸಿ ಈ ಸೆಕ್ಷನ್ ಹೆಸರಿಸಿ ಬರೆದೆವು. ಮೂರನೇ ವಾರ ದುಡ್ಡು ಬಂತು. ನನ್ನ ಬಳಿ ಇಲ್ಲದೇ ಹೋದದ್ದು ಅದೇ ಪಿಡಿಎಫ್.

ಯಾರ ಬಾಗಿಲು ತಟ್ಟಬೇಕು ಎನ್ನುವುದಕ್ಕೆ ಹಂತ 2ರ ಆ ಒಂದು ಸಾಲು ನೋಡಿ. ಕೊಡಬೇಕಾದವರು ಸಪ್ಲೈಯರ್ ಆದರೆ ಅವರಿಗೆ ದೂರು ಕೊಡಿ. ಎಂಟು ವಾರವಾದರೂ ಬಗೆಹರಿಯದಿದ್ದರೆ, ಅಥವಾ ಇನ್ನು ಚರ್ಚೆ ಇಲ್ಲ ಎಂಬ ಡೆಡ್‌ಲಾಕ್ ಪತ್ರ ಬಂದರೆ, ಕಂಪನಿ ಮೇಲಿನ ದೂರನ್ನು ಸ್ವತಂತ್ರವಾಗಿ ಬಗೆಹರಿಸುವ ಎನರ್ಜಿ ಓಂಬುಡ್ಸ್‌ಮನ್‌ಗೆ ಹೋಗಿ. ನಿಮಗೆ ಖರ್ಚಿಲ್ಲ. ಡೆಡ್‌ಲಾಕ್ ಪತ್ರ ಬಂದ ದಿನದಿಂದ 12 ತಿಂಗಳೊಳಗೆ ಹೋಗಬೇಕು. ಕೊಡಬೇಕಾದವರು ಕ್ಯಾಶ್‌ಬ್ಯಾಕ್ ಸೈಟೋ ಹೋಲಿಕೆ ಸೈಟೋ ಆದರೆ ಮೊದಲು ಅವರದೇ ದೂರು ವಿಭಾಗ, ಆಮೇಲೆ ಸಿಟಿಜನ್ಸ್ ಅಡ್ವೈಸ್‌ನ ಗ್ರಾಹಕ ಸಹಾಯವಾಣಿ. ಸ್ಕಾಟ್ಲೆಂಡ್‌ನಲ್ಲಿದ್ದರೆ ಅಡ್ವೈಸ್ ಡೈರೆಕ್ಟ್ ಸ್ಕಾಟ್ಲೆಂಡ್. ಜಾಹೀರಾತೇ ದಾರಿ ತಪ್ಪಿಸುವಂತಿದ್ದರೆ ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಅಥಾರಿಟಿಗೆ ಬರೆಯಬಹುದು. ಅವರು ನಿಮ್ಮ ದುಡ್ಡು ಕೊಡಿಸುವುದಿಲ್ಲ, ಆದರೆ ಆ ಜಾಹೀರಾತನ್ನು ತೆಗೆಸಬಲ್ಲರು. ನಿಮ್ಮ ಹಿಂದೆ ಬರುವವರಿಗಾಗಿ ಆ ಹತ್ತು ನಿಮಿಷ ಕೊಡಿ.

ದುಡ್ಡು "ಪೇಯಬಲ್" ಆದ ದಿನವೇ ಬ್ಯಾಂಕಿಗೆ ವರ್ಗಾಯಿಸಿಕೊಳ್ಳಿ, ಸೈಟ್‌ನ ಖಾತೆಯಲ್ಲಿ ಬಿಡಬೇಡಿ. ಹಾಗೇ ಕ್ಯಾಲೆಂಡರ್ ತೆರೆದು ಹೊಸ ಟ್ಯಾರಿಫ್ ಮುಗಿಯುವ ದಿನದಿಂದ 49 ದಿನ ಹಿಂದಕ್ಕೆ ಎಣಿಸಿ, ಅಲ್ಲಿ ಒಂದು ಗುರುತು ಹಾಕಿಡಿ.